ಮೂಲೆಯಲ್ಲಿದ್ದ ರೆಕ್ಕೆ

ಮಸ್ಕಿಯಲ್ಲಿ ನನ್ನದು ಫೋಟೊ ಸ್ಟುಡಿಯೊ. ವಾಯುಪಡೆಯಲ್ಲಿರುವ ಮಗಳು, ತಾನು ಕೂತಿದ್ದ ವಿಮಾನದಿಂದ ಪಕ್ಕದಲ್ಲೇ ಹಾರುತ್ತಿದ್ದ ಯುದ್ಧವಿಮಾನದ ಫೋಟೊ ತೆಗೆದು ಕಳಿಸಿದ್ದಳು. ಮೂಲೆಯಲ್ಲಿ ಅವಳ ವಿಮಾನದ ರೆಕ್ಕೆಯೂ ಬಿದ್ದಿತ್ತು. ಎರಡು ರೆಕ್ಕೆಗಳ ನಡುವೆ ನಮ್ಮ ಅಂಗಡಿ ಮುಂದಿನ ರಸ್ತೆಯಷ್ಟೂ ಜಾಗವಿರಲಿಲ್ಲ. ನನಗೆ ಭಯವಾಯಿತು. ಇಷ್ಟು ಹತ್ತಿರ ಹೋಗೆಂದವರು ಯಾರೆಂದು ಸಿಟ್ಟೂ ಬಂತು.

ಮದುವೆ ಫೋಟೊಗಳಲ್ಲಿ ಬೇಡದ ಭುಜಗಳನ್ನು ಕತ್ತರಿಸಿ ಪಳಗಿದ ಕೈ ನನ್ನದು. ಮೂಲೆಯಲ್ಲಿದ್ದ ಆ ರೆಕ್ಕೆಯನ್ನೂ ಕತ್ತರಿಸಿ, ಫ್ರೇಮು ಹಾಕಿ ಮನೆಯಲ್ಲಿ ತೂಗುಹಾಕಿದೆ.

‘ಎಷ್ಟು ದೂರದಿಂದ ತಗದಾಳ್ರೀ?’ ಎಂದಳು ಹೆಂಡತಿ.

‘ಭಾಳ ದೂರ. ಝೂಮ್ ಮಾಡ್ಯಾಳ.’

ಅವಳು ನಿರಾಳವಾದಳು. ನಾನು ಆ ಗೋಡೆಯ ಕಡೆ ನೋಡುವುದನ್ನೇ ಬಿಟ್ಟೆ.

ರಜೆಗೆ ಬಂದ ಮಗಳು ಫೋಟೊ ಮುಂದೆ ನಿಂತು, ಅವ್ವನ ಎದುರೇ ಕೇಳಿದಳು: ‘ಅಪ್ಪಾ, ಇದರಾಗ ನಾ ಇದ್ದ ವಿಮಾನದ ರೆಕ್ಕೆ ಎಲ್ಲಿ ಹೋತು?’