ಮಗಳನ್ನು ಪಕ್ಕದ ಮನೆಗೆ ಕೊಟ್ಟ ದಿನ

ಹೆರಿಗೆಯಾಗಿ ಇಪ್ಪತ್ತು ದಿನವಾಗಿರಬೇಕು. ತೊಟ್ಟಿಲಲ್ಲಿ ಅಳುತ್ತಿದ್ದ ಮಗು ಯಾರದೆಂದು ನನಗೆ ಒಂದು ಕ್ಷಣ ಗೊತ್ತಾಗಲಿಲ್ಲ.

ಮದುವೆಯಾಗಿ ವಿಜಯಪುರದಿಂದ ಭದ್ರಾವತಿಯ ನ್ಯೂ ಟೌನಿಗೆ ಬಂದು ಆಗ ಒಂದು ವರ್ಷ. ಗಂಡನಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಆದರೆ ಅವ್ವ ಸೊಂಟ ಮುರಿದುಕೊಂಡು ಮಲಗಿದ್ದರಿಂದ ನನ್ನದು ಇಲ್ಲೇ ಆಯಿತು. ನಾವು ‘ಹಡೆದಳು’ ಅನ್ನುವುದಕ್ಕೆ ಇಲ್ಲಿ ‘ಹೆರಿಗೆ ಆಯ್ತು’ ಅನ್ನುತ್ತಾರೆ. ‘ಮಾರಾಯ್ತಿ’ ಎಂದರೆ ಬೈಗುಳವೆಂದುಕೊಂಡಿದ್ದೆ. ಅದು ಸಲುಗೆಯ ಮಾತೆಂದು ಹೇಳಿಕೊಟ್ಟವರು ಪಕ್ಕದ ಮನೆಯ ಸೆಲ್ವಿ ಅಕ್ಕ. ಕಾರ್ಖಾನೆ ಕೆಲಸಕ್ಕೆ ತಮಿಳುನಾಡಿನಿಂದ ಬಂದ ಕುಟುಂಬ ಅವರದು. ಆದರೂ ಅವರ ಕನ್ನಡ ನನ್ನದಕ್ಕಿಂತ ಹೆಚ್ಚು ಇಲ್ಲಿಯದು.

ಬಸುರಿಯಾಗಿದ್ದಾಗ ಬಸ್ಸಿನಲ್ಲಿ ಶಿವಮೊಗ್ಗದ ರವೀಂದ್ರನಗರಕ್ಕೆ ಹೋಗಿ, ನಿವೃತ್ತ ನರ್ಸೊಬ್ಬರು ನಡೆಸುವ ತರಗತಿಯಲ್ಲಿ ಕೂರುತ್ತಿದ್ದೆ. ನೋವು ಬಂದಾಗ ಉಸಿರಾಡುವುದು, ಹಾಲೂಡಿಸುವುದು, ಬೊಂಬೆಗೆ ಬಟ್ಟೆ ಸುತ್ತುವುದು ಕಲಿತೆ. ಮಗು ಬಂದ ಮೇಲೆ ಪ್ರೀತಿ ಬಾರದಿದ್ದರೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ.

ಮಗುವನ್ನು ನೋಡಿದರೆ ಅಳುವೇ ಬರುತ್ತದೆ ಎಂದು ಅವ್ವನಿಗೆ ಫೋನಿನಲ್ಲಿ ಹೇಳಿದೆ. “ಹಡದಾಕಿಗೆ ಅಳು ಬರೂದ. ಮಂದಿ ಮುಂದ ಹೇಳಬ್ಯಾಡ,” ಅಂದಳು. ಗಂಡ ನಿದ್ದೆ ಮಾಡು ಅಂದರು. ನಿದ್ದೆಯೇ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಗುವಿಗೆ ಹೊಟ್ಟೆ ತುಂಬ ಹಾಲು ಕುಡಿಸಿ, ಅದರ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು ಸೆಲ್ವಿ ಅಕ್ಕನ ಮನೆಗೆ ಹೋದೆ. ಇವಳನ್ನು ನೀವೇ ಸಾಕಿ ಅಂದೆ. ಅವರು ಕೈ ಚಾಚಿ ಮಗುವನ್ನು ತೆಗೆದುಕೊಂಡರು.

“ನಾನೇನೋ ಇಟ್ಕೊಳ್ತೀನಿ ಮಾರಾಯ್ತಿ. ನೀನೆಲ್ಲಿಗೆ ಹೋಗ್ತೀಯ?”

ನಾನು ಚೀಲ ಕೆಳಗಿಟ್ಟು ಬಾಗಿಲ ಕಡೆ ತಿರುಗಿದೆ. ಅವರಿಗೆ ಅರ್ಥವಾಯಿತು. ಬಾಗಿಲಿಗೆ ಚಿಲಕ ಹಾಕಿ, ನನ್ನ ಗಂಡ ಬರುವ ತನಕ ನನ್ನ ಕೈ ಬಿಡಲಿಲ್ಲ.

ಮರುದಿನ ಆ ನರ್ಸ್ ಬಳಿ ಹೋದೆವು. ಅವರು ಎಲ್ಲ ಕೇಳಿಸಿಕೊಂಡರು. “ಹೆರಿಗೆ ತನಕ ಮಾತ್ರ ಹೇಳ್ಕೊಟ್ಟೆ. ಆಮೇಲಿಂದೂ ಹೇಳ್ಬೇಕಿತ್ತಮ್ಮ,” ಎಂದು, ಮನೋವೈದ್ಯರ ಹತ್ತಿರ ತಾವೇ ಕರೆದೊಯ್ದರು. ಇದು ಕಾಯಿಲೆ, ನಿಮ್ಮ ತಪ್ಪಲ್ಲ ಎಂದು ವೈದ್ಯರು ಎರಡು ಸಲ ಹೇಳಿದರು. ಎರಡು ಸಲವೂ ನಾನು ನಂಬಲಿಲ್ಲ.

ಈಗ ಮಗಳಿಗೆ ಎಂಟು ತಿಂಗಳು. ಮಾತ್ರೆ ನಡೆಯುತ್ತಿದೆ. ನಿದ್ದೆ ಬರುತ್ತದೆ, ಸಂತೋಷ ಇನ್ನೂ ಬಂದಿಲ್ಲ. ಹೋದ ತಿಂಗಳು ವಿಜಯಪುರಕ್ಕೆ ಹೋಗಿದ್ದಾಗ, ನೆಂಟರು ಬಂದರೆ ಸಾಕು, ಅವ್ವ ಮಾತ್ರೆಗಳನ್ನು ದಿಂಬಿನಡಿ ಬಚ್ಚಿಡುತ್ತಿದ್ದಳು. ಇಲ್ಲಿ ಬಚ್ಚಿಡಬೇಕಿಲ್ಲ, ಬೀದಿಗೆಲ್ಲ ಗೊತ್ತು. ಮಗಳೊಂದಿಗೆ ಕೋಣೆಯಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲದೆ ಕೂತರೆ ಯಾರಾದರೂ ಬಂದು ಇಣುಕುತ್ತಾರೆ. ಇಣುಕುವವರು ಒಳ್ಳೆಯವರೇ. ಆದರೂ ಅವಳನ್ನು ಮಡಿಲಲ್ಲಿಟ್ಟುಕೊಂಡು ಬರೀ ತಾಯಿಯಾಗಿ ಕೂರುವ ಮನೆ ಎರಡು ಊರಲ್ಲಿಯೂ ನನಗಿನ್ನೂ ಸಿಕ್ಕಿಲ್ಲ.