ಮಾರಕ್ಕ ಮದುವೆ ಸೌದೆ ಬಿಚ್ಚಿದ್ದು

ಲಿಂಗರಾಜಪುರದಲ್ಲಿ ಆಗ ದೊಡ್ಡ ಅಡುಗೆ ಅಂದರೆ ಸೌದೆ ಒಲೆಯೇ. ತೊಂಬತ್ತನಾಲ್ಕನೇ ಇಸವಿ ಇರಬೇಕು. ಮನೆಮನೆಗೆ ಗ್ಯಾಸ್ ಬಂದಿತ್ತು, ನಿಜ. ಆದರೆ ಐನೂರು ಜನಕ್ಕೆ ಅನ್ನ ಬೇಯೋ ಕೊಪ್ಪರಿಗೆ ಗ್ಯಾಸಿಗೆ ಬಗ್ಗುತ್ತಿರಲಿಲ್ಲ. ಹಾಗಾಗಿ ಅಹ್ಮದ್ ಪಾಷಾನ ಸೌದೆ ಡಿಪೋ ನಡೀತಿತ್ತು, ಅಲ್ಲಿ ಸೌದೆ ಒಟ್ಟೋ ಮಾರಕ್ಕನ ಹೊಟ್ಟೆಪಾಡೂ ನಡೀತಿತ್ತು.

ಮಾರಕ್ಕ ಡಿಪೋಗೆ ಬಂದಾಗ ಹದಿನಾರು ವರ್ಷ. ಮೊದಲನೇ ವಾರವೇ ರಾಶಿಯ ಬುಡಕ್ಕೆ ಕೈ ಹಾಕಿ ಎಳೆದು, ಚೇಳು ಕುಟುಕಿ, ಮೂರು ದಿನ ಒದ್ದಾಡಿದಳು. ಆಮೇಲೆ ಮೂವತ್ತು ವರ್ಷ ಬುಡಕ್ಕೆ ಕೈ ಹಾಕಲಿಲ್ಲ. ಮೇಲಿಂದ ತೆಗೆಯೋದು, ತೆಗೆಯೋ ಮುಂಚೆ ಕೋಲಲ್ಲಿ ತಟ್ಟೋದು, ತಟ್ಟಿ ಸುಮ್ಮನೆ ನಿಂತು ಕೇಳೋದು. ಜರಿ ಹರಿದರೆ ತೊಗಟೆ ಕೆರೆದಂಗೆ, ಇಲಿ ಓಡಿದರೆ ಕಾಳು ಉದುರಿದಂಗೆ, ಹಾವಾದರೆ ನೆಲದ ಮೇಲೆ ಸೀರೆ ಎಳೆದಂಗೆ. ಗಾಡಿಯವರು ನಗುತ್ತಿದ್ದರು. "ಮಾರಕ್ಕ, ಇವತ್ತು ಸೌದೆ ಏನಂತು?" ಅನ್ನೋರು. "ನಿನ್ನ ತಲೆಗಿಂತ ನಾನೇ ಮೇಲು ಅಂತು ಕಣಪ್ಪ" ಅನ್ನೋಳು.

ಆ ವರ್ಷ ವೆಂಕಟಮ್ಮನ ಮಗಳು ಭಾಗ್ಯಲಕ್ಷ್ಮಿಯ ಮದುವೆ, ಮನೆ ಮುಂದೆಯೇ ಚಪ್ಪರ. ಪಾಷಾನ ಡಿಪೋದಿಂದ ಒಂದು ಲೋಡು ನೀಲಗಿರಿ ಸೌದೆ ಹತ್ತು ದಿನ ಮುಂಚೆಯೇ ಹೋಗಿತ್ತು. ಗಾಡಿಯವರು ಅದನ್ನು ಹಿತ್ತಲ ಗೋಡೆಗೆ ಒತ್ತಿ, ಬರೀ ನೆಲದ ಮೇಲೆ ಸುರಿದು ಬಂದಿದ್ದರು.

ಚಪ್ಪರದ ದಿನ ಮಧ್ಯಾಹ್ನ ಅಡುಗೆಯವನು ಒಲೆ ಹಚ್ಚೋಣ ಅಂತ ಸೌದೆಗೆ ಕೈ ಹಾಕಿದ. ಒಳಗಿಂದ ಬುಸ್ ಅಂತು. ಒಂದು ನಾಗರಹಾವು ಹೆಡೆ ಎತ್ತಿ ನೋಡಿ, ಮತ್ತೆ ಸಂದಿಯೊಳಕ್ಕೆ ಇಳಿಯಿತು. ಅಡುಗೆಯವನು ಸೌಟು ಬಿಟ್ಟು ಓಡಿದವನು ಬೀದಿ ಕೊನೇಲಿ ನಿಂತ.

ನಾಗಪ್ಪನ್ನ ಹೊಡೆಯೋ ಹಾಗಿಲ್ಲ. ಸೌದೆ ಮುಟ್ಟೋ ಧೈರ್ಯ ಯಾರಿಗೂ ಇಲ್ಲ. ಅಷ್ಟರಲ್ಲಿ ಏರ್ಪಾಡು ನೋಡೋಕೆ ಬಂದಿದ್ದ ಗಂಡಿನ ದೊಡ್ಡಪ್ಪ ದೊಡ್ಡಮುನಿಯಪ್ಪ ಮುಖ ಸಣ್ಣದು ಮಾಡಿಕೊಂಡರು.

"ಬೇರೆ ಸೌದೆ ತರಿಸ್ತೀವಿ ಗೌಡ್ರೇ" ಅಂದಳು ವೆಂಕಟಮ್ಮ.

"ಸೌದೆ ಬದಲಾಯಿಸಿದ್ರೆ ಶಕುನ ಬದಲಾಗುತ್ತೇನಮ್ಮ? ದೇವರೇ ಅಡ್ಡ ಬಂದು ಕೂತವ್ನೆ. ದೀಪ ಹಚ್ಚೋದ್ರೊಳಗೆ ಅವನಾಗೇ ಎದ್ದು ಹೋದ್ರೆ ಸರಿ. ಇಲ್ಲಾಂದ್ರೆ ಮದುವೆ ಮುಂದಕ್ಕೆ."

ಮುಂದಕ್ಕೆ ಹೋದ ಮದುವೆ ಮುರಿದೇ ಹೋದೀತು ಅಂತ ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು. ಅರಿಶಿನದ ಕೈಯಲ್ಲೇ ಭಾಗ್ಯಲಕ್ಷ್ಮಿ ಕಣ್ಣು ಒರೆಸಿಕೊಂಡಳು. ವೆಂಕಟಮ್ಮ ಡಿಪೋಗೆ ಹೇಳಿಕಳಿಸಿದಳು.

ಮಾರಕ್ಕ ಬಂದವಳು ಮೊದಲು ಮೈಕ್ ಸೆಟ್ ನಿಲ್ಲಿಸಿದಳು. ರಾಶಿ ಸುತ್ತ ನೋಡಿದಳು. ಬುಡದಲ್ಲಿ ಅರಿಶಿನ ಕುಂಕುಮ, ಚೆಲ್ಲಿದ ಅಕ್ಕಿ.

"ಇದೇನಕ್ಕ?"

"ನಮ್ಮನೆ ಪದ್ಧತಿ ಕಣೆ. ಮದುವೆ ಸೌದೆ ಬಂದ ದಿನದಿಂದ ದಿನಾ ಪೂಜೆ ಮಾಡಿ ಅಕ್ಕಿ, ಕಡ್ಲೆ, ಬೆಲ್ಲ ಇಡ್ತೀವಿ."

"ಹತ್ತು ದಿನಾನಾ?"

"ಒಂದು ದಿನಾನೂ ತಪ್ಪಿಸಿಲ್ಲ."

ಮಾರಕ್ಕ ಕೋಲಿನಿಂದ ತಟ್ಟಿ ಕಿವಿಗೊಟ್ಟಳು. ಕಾಳು ಉದುರಿದ ಸದ್ದು, ಒಂದಲ್ಲ, ಹತ್ತಾರು.

"ಗೌಡ್ರೇ, ದೇವರು ಅಡ್ಡ ಬಂದಿಲ್ಲ. ಈಯಮ್ಮ ಹತ್ತು ದಿನದಿಂದ ಇಲಿಗೆ ಊಟ ಹಾಕವ್ಳೆ. ಇಲಿ ಊಟಕ್ಕೆ ಬಂತು, ನಾಗಪ್ಪ ಇಲಿ ಊಟಕ್ಕೆ ಬಂದವ್ನೆ. ಮದುವೆಗೆ ಮೊದಲು ಬಂದ ನೆಂಟ ಅವನು."

ಯಾರೋ ಕಿಸಕ್ಕನೆ ನಕ್ಕರು. ದೊಡ್ಡಮುನಿಯಪ್ಪ ನಗಲಿಲ್ಲ. "ಮಾತು ಬೇಡ, ಎದ್ದು ಹೋಗ್ಲಿ, ನೋಡ್ತೀನಿ" ಅಂದರು.

ಮಾರಕ್ಕ ಅಕ್ಕಿ ಒಂದು ಕಾಳೂ ಬಿಡದೆ ಉದ್ದನೆ ಪೊರಕೆಯಲ್ಲಿ ದೂರ ಗುಡಿಸಿದಳು. ಜನರನ್ನೆಲ್ಲ ಮನೆ ಕಡೆ ಕೂರಿಸಿ, ಹಿತ್ತಲಂಚಿನ ಮೋರಿ ಕಡೆ ದಾರಿ ಪೂರ್ತಿ ಖಾಲಿ ಮಾಡಿಸಿದಳು. ಮೊಣಕಾಲವರೆಗೆ ಗೋಣಿಚೀಲ ಸುತ್ತಿಕೊಂಡಳು. ಆಮೇಲೆ ತುದಿಗೆ ಕೊಕ್ಕೆ ಕಟ್ಟಿದ ಬಿದಿರಿನ ಗಳುವಿನಿಂದ, ಎರಡು ಮಾರು ದೂರ ನಿಂತು, ಮೇಲಿನ ಸೀಳುಗಳನ್ನು ಒಂದೊಂದಾಗಿ ಇಳಿಸಿದಳು. ಎಳೆಯಲಿಲ್ಲ, ಬೀಳಿಸಲಿಲ್ಲ. ಎರಡು ಚೇಳು ಸಿಕ್ಕವು. ಉದ್ದನೆ ಇಕ್ಕಳದಲ್ಲಿ ಹಿಡಿದು ಡಬ್ಬಕ್ಕೆ ಹಾಕಿ ಮುಚ್ಚಿದಳು. ಬಿಸಿಲು ಜಾರುತ್ತಿತ್ತು.

"ಬೇಗ ಮಾಡಮ್ಮ" ಅಂದರು ದೊಡ್ಡಮುನಿಯಪ್ಪ.

"ಬೇಗ ಮಾಡಿದ್ರೆ ನಾನು ಹೋಗ್ತೀನಿ ಗೌಡ್ರೇ, ಅವನು ಇರ್ತಾನೆ."

ರಾಶಿ ಮೊಣಕಾಲೆತ್ತರಕ್ಕೆ ಇಳಿದಾಗ ಇಲಿಗಳು ಪುತುಪುತು ಅಂತ ಮೋರಿ ಕಡೆಗೆ ಹಾರಿದವು. ಮಾರಕ್ಕ ಗಳು ಇಳಿಸಿ, ಅಲ್ಲಾಡದೆ ನಿಂತಳು. ಸೀರೆ ಎಳೆದಂಗೆ ಸದ್ದಾಯಿತು. ಗೋಧಿ ಬಣ್ಣದ, ಒಂದು ಮಾರುದ್ದದ ನಾಗಪ್ಪ ಹೊರಬಂದು, ಹೆಡೆಯನ್ನೂ ಬಿಚ್ಚದೆ, ಇಲಿ ಹೋದ ದಾರಿಯಲ್ಲೇ ಹರಿದು, ಮೋರಿ ದಾಟಿ, ಆಚೆ ಬಯಲಿನ ಲಾಂಟಾನ ಪೊದೆಯೊಳಕ್ಕೆ ಇಳಿದುಹೋದ.

ಹಿತ್ತಲೆಲ್ಲ ಒಂದೇ ಕೂಗು. ವೆಂಕಟಮ್ಮ ಕೈ ಮುಗಿದವಳು ನಾಗಪ್ಪನಿಗೆ ಮುಗಿದಳೋ ಮಾರಕ್ಕನಿಗೋ ಹೇಳೋದು ಕಷ್ಟ. ದೀಪ ಹಚ್ಚಲು ಇನ್ನೂ ಹೊತ್ತಿತ್ತು. ದೊಡ್ಡಮುನಿಯಪ್ಪ ಎದ್ದು, ತಾವೇ ಒಂದು ಸೀಳು ಎತ್ತಿ ಮಾರಕ್ಕನ ಕೈಗೆ ಕೊಟ್ಟರು.

"ಮೊದಲನೇ ಸೌದೆ ನೀನೇ ಇಡಮ್ಮ ಒಲೆಗೆ."

ಮಾರಕ್ಕ ಸೀಳನ್ನು ಎರಡು ಸಲ ನೆಲಕ್ಕೆ ತಟ್ಟಿ, ನೋಡಿ, ಆಮೇಲೇ ಒಲೆಗಿಟ್ಟಳು.

ಮಾರನೇ ದಿನ ದಿಬ್ಬಣ ಬ್ಯಾಂಡ್ ಬಾರಿಸಿಕೊಂಡು ಬಂತು. ಮಾರಕ್ಕ ಮೊದಲ ಪಂಕ್ತಿಯಲ್ಲಿ, ಗಂಡಿನ ಕಡೆಯವರ ಸಾಲಿನಲ್ಲಿ ಕೂತಿದ್ದಳು. "ಆಯಮ್ಮಂಗೆ ಇನ್ನೊಂದು ಸೌಟು ಪಾಯಸ ಹಾಕ್ರೋ!" ಅಂತ ದೊಡ್ಡಮುನಿಯಪ್ಪ ಆ ತುದಿಯಿಂದ ಕೂಗಿದರು.

"ಹಾಕ್ಲಿ ಬಿಡಿ ಗೌಡ್ರೇ" ಅಂದಳು ಮಾರಕ್ಕ, "ನಾನೇನು ಬೇಡ ಅನ್ನಲ್ಲ."