ಸಣ್ಣಮ್ಮ ಕುಡಿದ ಬಟ್ಟಲು

ಇವತ್ತು ಚರ್ಚಿನ ಬಾಗಿಲಲ್ಲೇ ಕುದಿಸಿದ ಒಣದ್ರಾಕ್ಷಿಯ ವಾಸನೆ ಮೂಗಿಗೆ ಬಡಿಯಿತು. ಮಳವಳ್ಳಿಯಲ್ಲಿ ಅವ್ವ, ಯೇಸುವಿನ ನೆನಪಿಗೆ ಎಲ್ಲರೂ ರಸ ಕುಡಿಯುವ ಪ್ರಭುಭೋಜನಕ್ಕೆ, ಹೀಗೇ ಕುದಿಸುತ್ತಿದ್ದಳು.

ಬಿಳಿಯ ಪಾದ್ರಿ ತಮ್ಮ ದೇಶಕ್ಕೆ ಮರಳಿದ ಮೇಲೆ ನಮ್ಮಪ್ಪನೇ ಪಾದ್ರಿಯಾದರು. ರಸದ ಬಟ್ಟಲು ಇದ್ದದ್ದು ಒಂದೇ. ಮೊದಲು ಬೆಂಚಿನ ಮೇಲಿನ ಜಮೀನುದಾರರು ಕುಡಿಯಬೇಕು, ಕೊನೆಗೆ ಚಾಪೆಯ ಮೇಲಿನ ಕೇರಿಯವರು. ಎಲ್ಲರೂ ಕ್ರೈಸ್ತರೇ, ಆದರೂ ಪದ್ಧತಿ ಅದೇ. ಅಪ್ಪ ಮೊದಲ ಭಾನುವಾರವೇ ಬಟ್ಟಲು ಹಿಡಿದು ನೇರವಾಗಿ ಚಾಪೆಯ ಕಡೆ ನಡೆದರು.

ಕೇರಿಯ ಮುದುಕಿ ಸಣ್ಣಮ್ಮ ಹೆದರಿ ಹಿಂದೆ ಸರಿದಳು. "ನಂಗ್ಯಾಕೆ ಮೊದ್ಲು? ಬುಡಿ ಅಯ್ನೋರೇ, ಅವ್ರು ಸುಮ್ನಿರಾಕಿಲ್ಲ."

"ಕುಡಿಯಮ್ಮ," ಎಂದರು ಅಪ್ಪ. ಕುಡಿದಳು.

ಬಟ್ಟಲು ಬೆಂಚಿನತ್ತ ಬಂದಾಗ ನನ್ನ ಸೋದರಮಾವ ಎದ್ದು ನಿಂತ. ಅವನೇ ಚರ್ಚ್ ಸಭೆಯ ಹಿರಿಯ. "ನಮ್ಗೆ ಬ್ಯಾರೆ ಲೋಟ ಕೊಡಿ. ಇಲ್ದಿದ್ರೆ ಓಯ್ತೀವಿ."

"ಇರೋದು ಒಂದೇ ಕಣಪ್ಪ." ಅಪ್ಪ ಅದೇ ಬಟ್ಟಲನ್ನು ಅವನ ಮುಂದೆ ಹಿಡಿದರು.

ಬೆಂಚುಗಳು ಕಿರುಗುಟ್ಟಿದವು. ಒಬ್ಬೊಬ್ಬರೇ ಎದ್ದು ಹೊರನಡೆದರು. ಬೆಂಚಿನ ಮೇಲೆ ಉಳಿದದ್ದು ಅವ್ವ ಮತ್ತು ಅವಳ ಸೆರಗು ಹಿಡಿದ ನಾನು. ಮಾವ ಬಾಗಿಲಲ್ಲಿ ತಿರುಗಿ ನಿಂತ. "ಬತ್ತೀಯೋ ಇಲ್ವೋ, ತಂಗಿ?"

ಅವ್ವ ಎದ್ದು ಅಪ್ಪನ ಹತ್ತಿರ ನಡೆದಳು. ಬಟ್ಟಲು ತೆಗೆದುಕೊಂಡು, ಸಣ್ಣಮ್ಮನ ತುಟಿ ತಾಗಿದ ಕಡೆಯಿಂದಲೇ ಕುಡಿದಳು. ಆಮೇಲೆ ಅವಳಿಗೆ ತವರಿನ ಬಾಗಿಲು ತೆರೆಯಲೇ ಇಲ್ಲ.

ಇವತ್ತು ನನ್ನ ಕೈಗೆ ಹೆಬ್ಬೆರಳುದ್ದದ ಪ್ಲಾಸ್ಟಿಕ್ ಲೋಟ ಕೊಟ್ಟರು. ಒಬ್ಬೊಬ್ಬರಿಗೂ ಬೇರೆ ಬೇರೆ, ಶುಚಿಯಂತೆ. ನಾನೂ ಕುಡಿದೆ. ಮಾವ ಅಂದು ಕೇಳಿದ್ದು ಇಷ್ಟನ್ನೇ.